ಹೃದಯಕ್ಕೊಬ್ಬರು, ಮಕ್ಕಳಿಗೊಬ್ಬರು: ಅರಿವಳಿಕೆ ತಜ್ಞರಲ್ಲೂ ಇಷ್ಟು ಕವಲುಗಳೇಕೆ?

ಪ್ರಶ್ನೆ: ನನ್ನ ತಾಯಿಗೆ 69 ವರ್ಷ. ಮೂರು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಬಲ ಮಂಡಿ ಪೂರ್ತಿ ಸವೆದು ಕೀಲು ಬದಲಿಸುವ ಆಪರೇಷನ್ ಆಗಬೇಕು. ನಮ್ಮದು ಚಿತ್ರದುರ್ಗ, ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಮಾಡಿಸುವುದೆಂದು ಮಾತಾಗಿತ್ತು. ಬೆಂಗಳೂರಿನಲ್ಲಿರುವ ನನ್ನ ಭಾವ ಈಗ ಬೇಡವೆನ್ನುತ್ತಿದ್ದಾರೆ. 'ಹಾರ್ಟ್ ಪೇಷಂಟ್‌ಗೆ ಕಾರ್ಡಿಯಾಕ್ ಅನಸ್ತೇಶಿಯಾದವರೇ ಬೇಕು, ಅಲ್ಲಿ ಒಬ್ಬರೇ ಎಲ್ಲದಕ್ಕೂ ಅರಿವಳಿಕೆ ಕೊಡುತ್ತಾರೆ' ಎಂಬುದು ಅವರ ವಾದ. ಅವರ ಬೈಪಾಸ್ ಬಿಲ್ಲಿನಲ್ಲಿ ಹಾಗೆ ಬೇರೆಯೇ ಹೆಸರಿತ್ತಂತೆ. ನಿಜಕ್ಕೂ ಇಷ್ಟು ವಿಭಾಗ ಬೇಕೇ, ಇಲ್ಲ ಬಿಲ್ ಬೆಳೆಸುವ ದಾರಿಯೇ? ಇನ್ನೊಂದು ವಿಷಯ: ಅಣ್ಣನ ಮಗಳು ಅನಸ್ತೇಶಿಯಾ ಎಂ.ಡಿ. ಮುಗಿಸುತ್ತಿದ್ದಾಳೆ, ಮತ್ತೆ ಮೂರು ವರ್ಷ ಡಿ.ಎಂ. (ಎಂ.ಡಿ. ನಂತರ ಒಂದೇ ಕವಲಿನಲ್ಲಿ ಪಡೆಯುವ ಪದವಿ) ಓದುತ್ತೇನೆ ಅನ್ನುತ್ತಾಳೆ. ಮಾಡಿಸಬೇಕೇ?

ಉತ್ತರ: ಮೊದಲು ತಾಯಿಯವರ ವಿಷಯ ಮುಗಿಸೋಣ, ಮನೆಯಲ್ಲಿ ತಕರಾರು ನಡೆಯುತ್ತಿರುವುದು ಅದಕ್ಕೇ ತಾನೆ.

ನೀವು ಬರೆದಷ್ಟನ್ನು ನೋಡಿದರೆ, ಮಂಡಿ ಆಪರೇಷನ್ನಿಗೆ ಕಾರ್ಡಿಯಾಕ್ ಅನಸ್ತೇಶಿಯಾದವರೇ ಆಗಬೇಕು ಎನ್ನಲು ನನಗೆ ಕಾರಣ ಕಾಣುವುದಿಲ್ಲ. 'ಸ್ಟೆಂಟ್ ಇದೆ' ಎಂಬ ಒಂದೇ ಮಾತಿನಿಂದ ಏನೂ ತೀರ್ಮಾನವಾಗದು. ಸ್ಟೆಂಟ್ ಹಾಕಿದ ಮೊದಲ ಆರು ತಿಂಗಳು, ಹೃದಯಾಘಾತವಾಗಿ ಹಾಕಿದ್ದರೆ ಒಂದು ವರ್ಷ, ಕಾಯಲು ಸಾಧ್ಯವಿರುವ ಯಾವ ಆಪರೇಷನ್ನನ್ನೂ ಮುಂದೂಡುವುದು ವಾಡಿಕೆ. ನಿಮ್ಮ ತಾಯಿಯವರು ಆ ಗಡಿ ದಾಟಿದ್ದಾರೆ. ಇನ್ನು ಮುಖ್ಯವಾದದ್ದು ಅವರ ಹೃದಯ ಈಗ ಎಷ್ಟು ದುಡಿಯಬಲ್ಲದು ಎಂಬುದು. ಒಂದು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರೆಯೇ ಎಂದು ನಾವು ಎಲ್ಲರನ್ನೂ ಕೇಳುತ್ತೇವೆ. ಮಂಡಿನೋವಿನವರ ಹತ್ತಿರ ಆ ಪ್ರಶ್ನೆ ನಡೆಯುವುದಿಲ್ಲ, ಅವರು ಹತ್ತದಿರುವುದು ಮಂಡಿಯಿಂದಲೋ ಉಬ್ಬಸದಿಂದಲೋ ಎಂದು ಹೇಳುವವರು ಯಾರು? ಅದಕ್ಕೇ ಇತ್ತೀಚಿನ ಒಂದು ಎಕೋ (ಹೃದಯದ ಸ್ಕ್ಯಾನ್), ಇಸಿಜಿ, ಹೃದ್ರೋಗ ತಜ್ಞರ ಒಂದು ಚೀಟಿ ಬೇಕು.

ಮಂಡಿ ಕೀಲಿನ ಆಪರೇಷನ್ ಸಾಮಾನ್ಯವಾಗಿ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್‌ನಲ್ಲಿ ಆಗುತ್ತದೆ. ಅದರ ಜೊತೆಗೆ ತೊಡೆಯ ಒಳಭಾಗದಲ್ಲಿ ನರದ ಸುತ್ತ ಮದ್ದು ಬಿಡುವ ಬ್ಲಾಕ್ ಕೊಟ್ಟರೆ ಮಾರನೆಯ ದಿನ ನೋವಿಲ್ಲದೆ ಎದ್ದು ನಡೆಯಬಹುದು. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ನೋಡುತ್ತ ಆ ಬ್ಲಾಕ್ ಹಾಕುವುದು ಕೈ ಪಳಗಬೇಕಾದ ಕೆಲಸ. ಭಾವನವರಿಗೆ ಬೇಸರವಾದೀತು, ಆದರೆ ದಿನ ಬೆಳಗಾದರೆ ಬೈಪಾಸ್ ಮಾಡುವ ಎಷ್ಟೋ ಕಾರ್ಡಿಯಾಕ್ ತಜ್ಞರು ಈ ಬ್ಲಾಕ್ ಹಾಕಿ ವರ್ಷಗಳೇ ಆಗಿರುತ್ತವೆ. ಮೂಳೆ ಆಪರೇಷನ್ನುಗಳ ಲಿಸ್ಟಿನಲ್ಲೇ ದಿನ ಕಳೆಯುವ ದಾವಣಗೆರೆಯ ಅರಿವಳಿಕೆ ತಜ್ಞರು ಇದನ್ನು ಅವರಿಗಿಂತ ಚೆನ್ನಾಗಿ ಮಾಡಬಲ್ಲರು.

ನನ್ನ ಉತ್ತರ ತಲೆಕೆಳಗಾಗುವ ಸಂದರ್ಭಗಳೂ ಇವೆ. ಎಕೋದಲ್ಲಿ ಮಹಾಧಮನಿಯ ಕವಾಟ ತೀರಾ ಕಿರಿದಾಗಿದೆ ಎಂದು ಬಂದರೆ, ಹೃದಯದ ಪಂಪಿನ ಶಕ್ತಿ ಮೂವತ್ತು ಶೇಕಡಾಕ್ಕಿಂತ ಕೆಳಗಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿದ್ದರೆ, ಭಾವನವರು ಹೇಳಿದಂತೆಯೇ ಮಾಡಿ. ಕವಾಟ ಕಿರಿದಾದವರಿಗೆ ಸ್ಪೈನಲ್ ಕೊಟ್ಟರೆ ಕಾಲಿನ ರಕ್ತನಾಳಗಳು ಸಡಿಲಗೊಂಡು ಬಿ.ಪಿ. ಜರ್ರನೆ ಇಳಿಯುತ್ತದೆ. ಹೃದಯ ಎಷ್ಟೇ ಒದ್ದಾಡಿದರೂ ಆ ಕಿರಿದಾದ ಬಾಗಿಲಿನಿಂದ ಹೆಚ್ಚು ರಕ್ತ ಹೊರಗೆ ತಳ್ಳಲಾಗದು. ಅಂಥವರ ಜೊತೆ ಆ ಬಗೆಯ ಹೃದಯವನ್ನು ದಿನವೂ ನಿಭಾಯಿಸುವವರೇ ಕೂರಬೇಕು.

ಆದ್ದರಿಂದ ಒಂದೊಂದು ಕೇಸಿನಲ್ಲೂ ನೋಡಬೇಕಾದದ್ದು ಇಷ್ಟೆ: ಈ ಆಪರೇಷನ್‌ನಲ್ಲಿ ಕೆಡಬಹುದಾದದ್ದು ಯಾವುದು, ಅದು ಕೆಟ್ಟರೆ ಸರಿಪಡಿಸಲು ಎಷ್ಟು ನಿಮಿಷ ಸಿಗುತ್ತದೆ, ಅದನ್ನು ಹಲವು ಸಲ ಕಂಡ ಕೈ ಹತ್ತಿರ ಇದೆಯೇ. ಕವಲುಗಳು ಒಡೆದದ್ದೂ ಈ ಲೆಕ್ಕದಿಂದಲೇ ಹೊರತು ಬಿಲ್ಲಿನಿಂದಲ್ಲ. ಬಿಲ್ಲು ಆಮೇಲೆ ಬಂದು ಸೇರಿಕೊಂಡಿತು ಎಂಬುದನ್ನು ಅಲ್ಲಗಳೆಯುವುದಿಲ್ಲ.

1846ರ ಅಕ್ಟೋಬರ್ 16ರಂದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ನೋವಿಲ್ಲದ ಆಪರೇಷನ್ ತೋರಿಸಿದ ಮೇಲೆ ಸುಮಾರು ನೂರು ವರ್ಷ ಈ ಕೆಲಸದಲ್ಲಿ ಕವಲು ಒಡೆಯುವಷ್ಟು ಸರಕೇ ಇರಲಿಲ್ಲ. ಈಥರ್, ಕ್ಲೋರೋಫಾರ್ಮ್, ಒಂದು ಮುಖವಾಡ, ನಾಡಿಯ ಮೇಲೊಂದು ಬೆರಳು. ಎದೆಯನ್ನಾಗಲಿ ಮೆದುಳನ್ನಾಗಲಿ ಗಂಟೆಗಟ್ಟಲೆ ತೆರೆದಿಡುವ ಧೈರ್ಯ ಸರ್ಜನ್ನರಿಗೇ ಇರಲಿಲ್ಲ. 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಆಪರೇಷನ್ ವೇಳೆ ಕ್ಯುರಾರೆ ಎಂಬ ಮದ್ದು ಬಳಸಿ ಸ್ನಾಯುಗಳನ್ನು ಸಡಿಲಿಸಿದ ಮೇಲೆ ರೋಗಿಯ ಉಸಿರಾಟವನ್ನೇ ನಾವು ವಹಿಸಿಕೊಳ್ಳುವುದು ಮಾಮೂಲಾಯಿತು. ಅಲ್ಲಿಂದ ಎಲ್ಲ ಬೇಗ ಬೇಗ ನಡೆಯಿತು. 1952-53ರ ಎರಡು ವರ್ಷಗಳೊಳಗೇ ಎಷ್ಟೊಂದು ಆಯಿತು ನೋಡಿ. ನ್ಯೂಯಾರ್ಕಿನಲ್ಲಿ ವರ್ಜೀನಿಯಾ ಎಪ್ಗಾರ್ ಎಂಬ ಅರಿವಳಿಕೆ ತಜ್ಞೆ ಹುಟ್ಟಿದ ಮಗುವಿಗೆ ಹತ್ತರಲ್ಲಿ ಅಂಕ ಕೊಡುವ ಪದ್ಧತಿ ತಂದರು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೇಸ್‌ಶೀಟಿನಲ್ಲೂ ಆ ಅಂಕ ಇರುತ್ತದೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿ ಗೆದ್ದರು.

ಮೂರನೆಯದು ಕೋಪನ್‌ಹೇಗನ್ನಿನ ಕಥೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1952ರ ಬೇಸಿಗೆಯಲ್ಲಿ ಆ ಊರಿಗೆ ಪೋಲಿಯೋ ಹಾಸಿಕೊಂಡು ಬಂತು. ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಸಾಲುಸಾಲಾಗಿ ಬಂದರು. ಮೊದಲ ಕೆಲವು ವಾರಗಳಲ್ಲಿ ಅಂಥ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಮೈಯನ್ನು ಒಳಗಿಟ್ಟು ಉಸಿರಾಡಿಸುವ 'ಕಬ್ಬಿಣದ ಶ್ವಾಸಕೋಶ' ಯಂತ್ರ ಇದ್ದದ್ದು ಬೆರಳೆಣಿಕೆಯಷ್ಟು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಅವರು ಮಾಡಿದ್ದು ಥಿಯೇಟರಿನಲ್ಲಿ ದಿನವೂ ಮಾಡುತ್ತಿದ್ದ ಕೆಲಸವನ್ನೇ: ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದರು. ಮೊದಲು ಹನ್ನೆರಡು ವರ್ಷದ ಒಬ್ಬ ಹುಡುಗಿಗೆ, ಅವಳು ಬದುಕಿದಳು. ಆಮೇಲೆ ಸುಮಾರು 1,500 ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ತಿಂಗಳುಗಟ್ಟಲೆ ಚೀಲ ಒತ್ತಿದರು. ಸಾಯುವವರ ಸಂಖ್ಯೆ ಇಳಿದೇ ಇಳಿಯಿತು. ಇಂದು ನಾವು ಐಸಿಯು ಎನ್ನುವುದು ಆ ವಾರ್ಡಿನಿಂದ ಬೆಳೆದದ್ದು. ಅರಿವಳಿಕೆ ತಜ್ಞರಿಗೆ ಥಿಯೇಟರಿನ ಹೊರಗೂ ಕೆಲಸವಿದೆ ಎಂದು ಜಗತ್ತಿಗೆ ಗೊತ್ತಾದದ್ದೂ ಆಗಲೇ. ಕೋವಿಡ್ ಬಂದಾಗ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ವೆಂಟಿಲೇಟರ್ ಮುಂದೆ ನಿಂತವರಲ್ಲೂ ಬಹಳಷ್ಟು ಜನ ಅರಿವಳಿಕೆಯವರೇ.

ಅಮೆರಿಕದಲ್ಲಿ ತೀವ್ರ ನಿಗಾಕ್ಕೆ 1980ರ ದಶಕದಲ್ಲಿ, ನೋವಿನ ಚಿಕಿತ್ಸೆಗೆ 1990ರ ದಶಕದಲ್ಲಿ ಪ್ರತ್ಯೇಕ ಪ್ರಮಾಣಪತ್ರ ಬಂತು. ಮಕ್ಕಳ ಅರಿವಳಿಕೆಗೆ ಅಲ್ಲಿ ಮೊದಲ ಪರೀಕ್ಷೆ ನಡೆದದ್ದು 2013ರಲ್ಲಿ. ಅಷ್ಟು ತಡವಾಗಿ ಬಂದರೂ ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಸಮರ್ಥನೆ ಇರುವ ಕವಲು ಅದೇ.

ಮೂರು ಕಿಲೋ ತೂಗುವ ಹಸುಗೂಸನ್ನು ಊಹಿಸಿಕೊಳ್ಳಿ. ಕರುಳು ಕಟ್ಟಿಕೊಂಡಿದೆ, ಆಪರೇಷನ್ ಆಗಲೇಬೇಕು. ಆ ಮಗುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 250 ಮಿಲಿಲೀಟರ್. ರಕ್ತ ಒರೆಸಿ ನೆಲಕ್ಕೆ ಹಾಕಿದ ನಾಲ್ಕಾರು ಬಟ್ಟೆ (ಗಾಜ್) ತುಂಡುಗಳು ಚೆನ್ನಾಗಿ ನೆನೆದಿದ್ದರೆ ಅದರ ಹತ್ತನೆಯ ಒಂದು ಭಾಗ ಹೋಯಿತೆಂದೇ ಅರ್ಥ. ಆದ್ದರಿಂದ ಮಕ್ಕಳ ಕೇಸಿನಲ್ಲಿ ಆ ಬಟ್ಟೆ ತುಂಡುಗಳನ್ನೂ ತೂಗಿ ನೋಡುತ್ತೇವೆ. ಶ್ವಾಸನಾಳದ ಉದ್ದ ನಾಲ್ಕೈದು ಸೆಂಟಿಮೀಟರ್ ಅಷ್ಟೆ. ಕೊಳವೆ ಒಂದು ಸೆಂಟಿಮೀಟರ್ ಒಳಗೆ ಸರಿದರೆ ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಒಂದು ಸೆಂಟಿಮೀಟರ್ ಹೊರಗೆ ಬಂದರೆ ಕಳಚಿಯೇ ಬೀಳುತ್ತದೆ. ತಲೆ ಬಗ್ಗಿಸಿದರೆ, ಎತ್ತಿದರೆ ಅಷ್ಟು ಸರಿಯುವುದುಂಟು. ತೂಕದ ಲೆಕ್ಕದಲ್ಲಿ ಆ ಮಗು ದೊಡ್ಡವರ ಎರಡರಷ್ಟು ಆಮ್ಲಜನಕ ಬಳಸುತ್ತದೆ. ಹೀಗಾಗಿ ಉಸಿರು ನಿಂತರೆ ದೊಡ್ಡವರಲ್ಲಿ ಸಿಗುವ ನಿಮಿಷಗಳು ಇಲ್ಲಿ ಸೆಕೆಂಡುಗಳಾಗುತ್ತವೆ. ಪಲ್ಸ್ ಆಕ್ಸಿಮೀಟರಿನ ಸದ್ದು ಟಿಣ್ ಟಿಣ್ ಎನ್ನುತ್ತಿದ್ದದ್ದು ದಪ್ಪವಾಗತೊಡಗಿದಾಗ ಪರದೆ ನೋಡಲು ಪುರುಸೊತ್ತಿರುವುದಿಲ್ಲ, ಕೈ ಆಗಲೇ ಮಾಸ್ಕ್ ಮೇಲಿರಬೇಕು. ಥಿಯೇಟರಿನ ಏಸಿ ಆರಿಸಬೇಕು, ಮಗುವಿನ ತಲೆಗೆ ಹತ್ತಿ ಸುತ್ತಬೇಕು, ಕೊಡುವ ದ್ರಾವಣವನ್ನು ಬೆಚ್ಚಗೆ ಮಾಡಬೇಕು. ಸರ್ಜನ್ ಬೆವರುತ್ತಾರೆ, ಬೆವರಲಿ.

ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. 1997ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನ ಅರಿವಳಿಕೆ ತಜ್ಞರು ವರ್ಷಕ್ಕೆ ಎಷ್ಟು ಮಕ್ಕಳಿಗೆ ಅರಿವಳಿಕೆ ಕೊಡುತ್ತಾರೆ, ತೊಡಕು ಎಷ್ಟು ಎಂದು ಹೋಲಿಸಿ ನೋಡಿತು. ವರ್ಷಕ್ಕೆ ಇನ್ನೂರಕ್ಕಿಂತ ಹೆಚ್ಚು ಮಕ್ಕಳನ್ನು ನೋಡುವವರಲ್ಲಿ ತೊಡಕು ಸ್ಪಷ್ಟವಾಗಿ ಕಡಿಮೆ ಇತ್ತು. ಗಮನಿಸಿ, ಅಲ್ಲಿ ಎಣಿಸಿದ್ದು ಕೇಸ್‌ಗಳನ್ನು, ಡಿಗ್ರಿಗಳನ್ನಲ್ಲ. ಎಂಟು ವರ್ಷದ ಆರೋಗ್ಯವಂತ ಹುಡುಗನ ಹರ್ನಿಯಾಕ್ಕೆ ಇಷ್ಟೆಲ್ಲ ಬೇಕಿಲ್ಲ, ಜಿಲ್ಲಾ ಕೇಂದ್ರದ ಒಳ್ಳೆಯ ಅರಿವಳಿಕೆ ತಜ್ಞರು ಧಾರಾಳವಾಗಿ ಸಾಕು. ತಿಂಗಳೊಳಗಿನ ಶಿಶು ಅಥವಾ ಹುಟ್ಟಿನಿಂದ ದವಡೆ, ಹೃದಯದ ದೋಷ ಇರುವ ಮಗುವಾದರೆ ಎಷ್ಟೇ ದೂರವಾದರೂ ಅಂಥ ಮಕ್ಕಳನ್ನೇ ನೋಡುವ ಜಾಗಕ್ಕೆ ಹೋಗಿ ಎನ್ನುತ್ತೇನೆ.

ನಿಮ್ಮ ಭಾವನವರ ಬೈಪಾಸ್‌ನಲ್ಲಿ ಆ ಬೇರೆ ಹೆಸರಿನ ಡಾಕ್ಟರು ಮಾಡಿದ್ದೇನು ಎಂದು ಹೇಳಿದರೆ ಬಿಲ್ಲಿನ ಸಂಶಯ ಹೋದೀತು. ಹೃದಯವನ್ನು ನಿಲ್ಲಿಸಿ ಹೃದಯ-ಶ್ವಾಸಕೋಶ ಯಂತ್ರಕ್ಕೆ ಹಾಕಿ ಮಾಡುವ ಆಪರೇಷನ್ನಾದರೆ, ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮೊದಲು ಕಿಲೋಗೆ 300ರಿಂದ 400 ಯೂನಿಟ್ ಹೆಪಾರಿನ್ ಕೊಡುತ್ತಾರೆ. ಎರಡು ನಿಮಿಷದ ಆಸುಪಾಸಿನಲ್ಲಿ ಹೆಪ್ಪುಗಟ್ಟಬೇಕಾದ ರಕ್ತ ಏಳೆಂಟು ನಿಮಿಷವಾದರೂ ಗಟ್ಟಿಯಾಗಬಾರದು. ಅದನ್ನು ಪರೀಕ್ಷೆ ಮಾಡಿ ಖಚಿತಪಡಿಸಿದ ಮೇಲೆಯೇ ಯಂತ್ರ ಶುರು. ಕೆಲಸ ಮುಗಿದ ಮೇಲೆ ಪ್ರೋಟಮಿನ್ ಎಂಬ ಮದ್ದಿನಿಂದ ಹೆಪಾರಿನ್ನಿನ ಪ್ರಭಾವ ತೆಗೆಯಬೇಕು. ಅದನ್ನು ಅವಸರದಲ್ಲಿ ಕೊಟ್ಟರೆ ಬಿ.ಪಿ. ಕುಸಿದು ಬೀಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಅನ್ನನಾಳದೊಳಗಿಂದ ಮಾಡುವ ಎಕೋ. ಬೆರಳಿನಷ್ಟು ದಪ್ಪದ ನಳಿಕೆ ಅನ್ನನಾಳದಲ್ಲಿ, ಹೃದಯದ ಬೆನ್ನಿಗೇ ಕೂತಿರುತ್ತದೆ. ಕವಾಟ ರಿಪೇರಿ ಮಾಡಿ ಹೃದಯ ಮತ್ತೆ ಬಡಿಯತೊಡಗಿದಾಗ ಅದು ಸೋರುತ್ತಿದೆಯೇ ಎಂದು ಆ ಪರದೆ ನೋಡಿ ಹೇಳುವವರು ಸಾಮಾನ್ಯವಾಗಿ ಅರಿವಳಿಕೆ ತಜ್ಞರು. ಅವರು 'ಸೋರಿಕೆ ಇದೆ ಸರ್' ಎಂದರೆ ಸರ್ಜನ್ ಮತ್ತೆ ಯಂತ್ರಕ್ಕೆ ಹಾಕಿ ಹೊಲಿಗೆ ಬಿಚ್ಚಬೇಕಾಗುತ್ತದೆ. ಎದೆ ಮುಚ್ಚಲು ಕಾಯುತ್ತಿರುವ ಹಿರಿಯ ಸರ್ಜನ್‌ಗೆ ಆ ಮಾತು ಹೇಳಲು ಕಣ್ಣೂ ಪಳಗಿರಬೇಕು, ಗಂಟಲೂ ಗಟ್ಟಿ ಇರಬೇಕು. ಮೂರು ವರ್ಷ ಅದರಲ್ಲೇ ಮುಳುಗದೆ ಎರಡೂ ಬರುವುದಿಲ್ಲ.

ಮೆದುಳಿನ ಕವಲಿನಲ್ಲಿ ಬೇರೆಯೇ ಕಸುಬು. ಮಾತಿನ ಕೇಂದ್ರದ ಪಕ್ಕದಲ್ಲೇ ಗೆಡ್ಡೆಯಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟೇ ತಲೆಬುರುಡೆ ತೆರೆಯುವುದುಂಟು. ನೆತ್ತಿಯ ಸುತ್ತಲಿನ ನರಗಳಿಗೆ ಮರಗಟ್ಟಿಸುವ ಮದ್ದು, ಸ್ವಲ್ಪ ಮಂಪರು, ಮೆದುಳು ಕಾಣಿಸಿದ ಮೇಲೆ ಆ ಮಂಪರೂ ಇಲ್ಲ. ಹಸಿರು ಬಟ್ಟೆಯ ಪರದೆಯ ಈಚೆ ಕಡೆ ಅರಿವಳಿಕೆ ತಜ್ಞರು ರೋಗಿಯ ಮುಖಕ್ಕೆ ಮುಖ ಕೊಟ್ಟು ಕೂತು ಚಿತ್ರಗಳನ್ನು ತೋರಿಸುತ್ತಾರೆ: ಇದೇನು? ಕೊಡೆ. ಇದು? ಬೀಗ. ಇದು? ಆಚೆ ಕಡೆ ಸರ್ಜನ್ ಒಂದು ಜಾಗ ಮುಟ್ಟಿದಾಗ ಉತ್ತರ ತಡವರಿಸಿದರೆ ಅಲ್ಲಿ ಕತ್ತರಿ ಹಾಕುವಂತಿಲ್ಲ. ಆ ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ಆಗಬೇಕು, ಎರಡು ಭಾಷೆ ಬಲ್ಲವರಾದರೆ ಎರಡರಲ್ಲೂ. ಮಧ್ಯದಲ್ಲಿ ಫಿಟ್ಸ್ ಬಂದರೆ, ವಾಂತಿಯಾದರೆ, ಹೆದರಿ ಅಲುಗಾಡಿದರೆ? ತಲೆ ಮೂರು ಮೊಳೆಗಳಲ್ಲಿ ಬಿಗಿದಿರುತ್ತದೆ, ಕೊಳವೆ ಹಾಕಲು ಬಾಯಿ ಸುಲಭಕ್ಕೆ ಸಿಗುವುದಿಲ್ಲ. ಇನ್ನು ಬೆನ್ನುಹುರಿಯ ಆಪರೇಷನ್‌ನಲ್ಲಿ ಕೈಕಾಲಿನ ನರಗಳು ಸರಿಯಾಗಿವೆಯೇ ಎಂದು ವಿದ್ಯುತ್ ಸಂಕೇತ ಕೊಟ್ಟು ನೋಡುತ್ತಿರುತ್ತಾರೆ. ನಾವು ಮಾಮೂಲಿಯಾಗಿ ಕೊಡುವ ಅನಿಲಗಳು ಆ ಸಂಕೇತವನ್ನು ಮಂಕು ಮಾಡುತ್ತವೆ, ಸ್ನಾಯು ಸಡಿಲಿಸುವ ಮದ್ದು ಪೂರ್ತಿ ಅಳಿಸಿಬಿಡುತ್ತದೆ. ಹಾಗಾಗಿ ಇಡೀ ಅರಿವಳಿಕೆಯನ್ನು ಪ್ರೊಪೊಫಾಲ್ ಎಂಬ ಮದ್ದನ್ನು ನರಕ್ಕೆ ಹರಿಸುವ ಪಂಪಿನ ಮೇಲೆ ನಡೆಸಬೇಕು.

ನೋವಿನ ಕವಲಿಗೆ ನಮ್ಮಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ. 1993ರಲ್ಲಿ ಕೋಳಿಕ್ಕೋಡಿನಲ್ಲಿ ನೋವು ಮತ್ತು ಉಪಶಾಮಕ ಆರೈಕೆಯ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಡಾ. ಎಂ.ಆರ್. ರಾಜಗೋಪಾಲ್ ಅರಿವಳಿಕೆ ತಜ್ಞರು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು. ಆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದದ್ದರ ಹಿಂದೆ ಇಂಥವರ ವರ್ಷಾನುಗಟ್ಟಲೆಯ ಓಡಾಟವಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಬೆನ್ನಿಗೆ ಚುಚ್ಚಿ ತಿರುವಿದಂಥ ನೋವಿರುತ್ತದೆ; ಹೊಟ್ಟೆಯ ಹಿಂಬದಿಯ ನರಜಾಲಕ್ಕೆ ಒಂದು ಬ್ಲಾಕ್ ಹಾಕಿದರೆ ಎಷ್ಟೋ ಜನ ಉಳಿದ ದಿನಗಳನ್ನು ಮನೆಯಲ್ಲಿ, ನಿದ್ದೆ ಮಾಡಿ ಕಳೆಯುತ್ತಾರೆ. ಹಾಗೊಂದು ಚಿಕಿತ್ಸೆ ಇದೆಯೆಂದೇ ತಿಳಿಯದೆ ನರಳಿ ಹೋಗುವ ಕುಟುಂಬಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಂಗಾಂಗ ಕಸಿ, ಹೆರಿಗೆ, ಎಂ.ಆರ್.ಐ. ಮತ್ತು ಎಂಡೋಸ್ಕೋಪಿ ಕೋಣೆಗಳ ಅರಿವಳಿಕೆ, ಇವೂ ಕವಲುಗಳೇ. ಅದನ್ನೆಲ್ಲ ಇಲ್ಲಿ ಬಿಡಿಸುತ್ತ ಕೂರುವುದಿಲ್ಲ.

ಈಗ ಇದರ ಇನ್ನೊಂದು ಮಗ್ಗುಲು. ದೊಡ್ಡ ಆಸ್ಪತ್ರೆಯ ಹಗಲಿನ ಲಿಸ್ಟ್ ನೋಡಿದರೆ ಒಂದನೇ ಥಿಯೇಟರ್ ಹೃದಯ, ಎರಡನೆಯದು ಮೆದುಳು, ನಾಲ್ಕು ಮಕ್ಕಳದು, ಆರು ಮೂಳೆ ಎಂದು ಒಬ್ಬೊಬ್ಬರ ಹೆಸರು ಅಚ್ಚುಕಟ್ಟಾಗಿ ಬರೆದಿರುತ್ತದೆ. ರಾತ್ರಿ ಎರಡಕ್ಕೆ ಹೋಗಿ ನೋಡಿ. ಡ್ಯೂಟಿಯಲ್ಲಿ ಒಬ್ಬರೋ ಇಬ್ಬರೋ. ಗರ್ಭಕೋಶದಿಂದ ರಕ್ತ ಹರಿಯುತ್ತಿರುವ ತಾಯಿ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ, ಕಡಲೆಬೀಜ ಉಸಿರುನಾಳಕ್ಕೆ ಸೇರಿದ ಎರಡು ವರ್ಷದ ಮಗು, ಇವು ಯಾವುದೂ ಕವಲು ಕೇಳಿಕೊಂಡು ಬರುವುದಿಲ್ಲ. ಆ ಕಡಲೆಬೀಜದ ಮಗುವನ್ನು ನಿಭಾಯಿಸಬೇಕಾದವರು ಹತ್ತು ವರ್ಷದಿಂದ ಮೂಳೆ ಲಿಸ್ಟನ್ನೇ ಮಾಡುತ್ತ ಬಂದಿದ್ದರೆ? ಮೊದಲು ಎಲ್ಲರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದಾಗ ಕೈ ತುಕ್ಕು ಹಿಡಿಯುತ್ತಿರಲಿಲ್ಲ. ಈಗ ಹಗಲಿನ ಕೇಸ್‌ಗಳು ಸುರಕ್ಷಿತವಾದಷ್ಟೂ ರಾತ್ರಿಯವು ಸೊರಗುವ ಅಪಾಯವಿದೆ. ಒಳ್ಳೆಯ ವಿಭಾಗಗಳು ಇದಕ್ಕೆ ಮದ್ದು ಕಂಡುಕೊಂಡಿವೆ: ಪ್ರತಿಯೊಬ್ಬರನ್ನೂ ತಿಂಗಳಲ್ಲಿ ಕೆಲವು ದಿನ ತಮ್ಮ ಕವಲಿನಾಚೆಗೆ ಹಾಕುವುದು, ಹೃದಯ, ಮಕ್ಕಳು, ಮೆದುಳು ಮೂರಕ್ಕೂ ಮನೆಯಿಂದ ಕರೆದರೆ ಅರ್ಧ ಗಂಟೆಯಲ್ಲಿ ಬರುವವರ ಪಟ್ಟಿ ಇಡುವುದು. ಇದಕ್ಕೆ ಜನ ಬೇಕು, ದುಡ್ಡು ಬೇಕು. ಬೋರ್ಡಿನ ಮೇಲೆ ಹೆಸರು ಬರೆಸುವಷ್ಟು ಸುಲಭವಲ್ಲ, ಅದಕ್ಕೇ ಎಲ್ಲರೂ ಮಾಡುವುದಿಲ್ಲ.

ಬೆಂಗಳೂರು, ಮಂಗಳೂರು ದಾಟಿದರೆ ಚಿತ್ರ ಪೂರ್ತಿ ಬೇರೆ. ಸಣ್ಣ ಊರುಗಳಲ್ಲಿ ಇಂದಿಗೂ ಅರಿವಳಿಕೆ ನಡೆಯುತ್ತಿರುವುದು ನರ್ಸಿಂಗ್ ಹೋಮಿನಿಂದ ನರ್ಸಿಂಗ್ ಹೋಮಿಗೆ ಓಡುವ ಸ್ವತಂತ್ರ ತಜ್ಞರಿಂದ. ಬೆಳಗ್ಗೆ ಒಂದು ಕಡೆ ಸಿಸೇರಿಯನ್, ಹನ್ನೊಂದಕ್ಕೆ ಇನ್ನೊಂದು ಕಡೆ ಅಪೆಂಡಿಕ್ಸ್, ಮಧ್ಯಾಹ್ನ ಮುರಿದ ಕೈ. ಕಾರಿನ ಡಿಕ್ಕಿಯಲ್ಲಿ ಗಂಟಲೊಳಗೆ ನೋಡುವ ತಮ್ಮದೇ ಲ್ಯಾರಿಂಗೋಸ್ಕೋಪ್, ಟ್ಯೂಬುಗಳು, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ತುರ್ತು ಮದ್ದಿನ ಡಬ್ಬಿ. ಡಿ.ಎ. ಎಂಬ ಎರಡು ವರ್ಷದ ಡಿಪ್ಲೊಮಾ ಮಾಡಿಕೊಂಡವರು ಇವರಲ್ಲಿ ಬಹಳ. 'ಅಲ್ಲಿ ಒಬ್ಬರೇ ಎಲ್ಲದಕ್ಕೂ' ಎಂದು ಭಾವನವರು ಹಗುರವಾಗಿ ಆಡಿದ್ದು ಇವರ ಬಗ್ಗೆ. ಇವರಿಲ್ಲದಿದ್ದರೆ ಜಿಲ್ಲೆಗಳಲ್ಲಿ ಚಾಕು ಹಿಡಿಯುವವರು ಕೈಕಟ್ಟಿ ಕೂರಬೇಕಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಗಳ ಕೊರತೆ ಇನ್ನೂ ದೊಡ್ಡದು. ಹೆರಿಗೆ ಮನೆಗಳಲ್ಲಿ ಅರಿವಳಿಕೆ ತಜ್ಞರಿಲ್ಲದೆ ತಾಯಂದಿರು ಸಾಯುವುದನ್ನು ತಡೆಯಲೆಂದೇ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ 18 ವಾರಗಳ ತರಬೇತಿಯನ್ನು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ದೇಶದಾದ್ಯಂತ ಹರಡಲಾಯಿತು. ಒಂದೇ ದೇಶದಲ್ಲಿ ಒಂದು ತುದಿಗೆ ಎಂ.ಡಿ. ಮೇಲೆ ಮೂರು ವರ್ಷದ ಡಿ.ಎಂ., ಇನ್ನೊಂದು ತುದಿಗೆ 18 ವಾರ. ಎರಡೂ ಬೇಕಾಗಿದೆ ಎಂಬುದೇ ನಮ್ಮ ಪರಿಸ್ಥಿತಿ. ಆದರೆ ಸರ್ಕಾರ ಹೊಸ ಡಿ.ಎಂ. ಸೀಟುಗಳನ್ನು ಉದ್ಘಾಟಿಸುವಾಗ ತೋರುವ ಹುರುಪನ್ನು ತಾಲ್ಲೂಕಿನ ಖಾಲಿ ಹುದ್ದೆ ತುಂಬುವಾಗಲೂ ತೋರಿದ್ದರೆ ಚೆನ್ನಾಗಿತ್ತು.

ಅಣ್ಣನ ಮಗಳ ವಿಷಯಕ್ಕೆ ಬರೋಣ. ಎಂ.ಡಿ. ಆದ ಮೇಲೆ ನೀಟ್ ಎಸ್.ಎಸ್.ನಂಥ ಪ್ರವೇಶ ಪರೀಕ್ಷೆ ಬರೆದು ಹೃದಯ, ಮೆದುಳು, ಮಕ್ಕಳು, ತೀವ್ರ ನಿಗಾ, ಅಂಗಾಂಗ ಕಸಿ ಇಂಥ ಕವಲುಗಳಲ್ಲಿ ಡಿ.ಎಂ. ಅಥವಾ ಅದಕ್ಕೆ ಸಮನಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ ಸೇರಬಹುದು. ಎರಡಕ್ಕೂ ಮೂರು ವರ್ಷ ಬೇಕು. ಇವಲ್ಲದೆ ಒಂದೆರಡು ವರ್ಷದ ಫೆಲೊಶಿಪ್‌ಗಳಿವೆ. ತಿರುವನಂತಪುರದ ಶ್ರೀ ಚಿತ್ರಾ, ನಮ್ಮ ನಿಮ್ಹಾನ್ಸ್, ದೆಹಲಿಯ ಏಮ್ಸ್‌ನಂಥ ಕಡೆ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರಲಿ ಎನ್ನಬಹುದು. ಆದರೂ ಎಂ.ಡಿ. ಮುಗಿಸಿದ ಮಾರನೆಯ ದಿನವೇ ಸೇರುವುದು ಬೇಡವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲೇ ಒಪ್ಪದವರಿದ್ದಾರೆ. ಜಿಲ್ಲಾಸ್ಪತ್ರೆಯಲ್ಲೋ ಕೇಸ್ ಜಾಸ್ತಿ ಇರುವ ಮೆಡಿಕಲ್ ಕಾಲೇಜಿನಲ್ಲೋ ಒಂದೆರಡು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ರಾತ್ರಿ ಪಾಳಿ ಮಾಡಲಿ. ಕಷ್ಟದ ಶ್ವಾಸನಾಳ, ರಕ್ತ ಹರಿಯುವ ಬಾಣಂತಿ, ವಿಷ ಕುಡಿದು ಬಂದವರು, ಹಾವು ಕಚ್ಚಿದವರು, ಎಲ್ಲವನ್ನೂ ಸ್ವಂತ ಜವಾಬ್ದಾರಿಯ ಮೇಲೆ ನೋಡಲಿ. ಆಮೇಲೆ ಕವಲು ಹಿಡಿದರೆ ಅದರ ಹೊರಗಿನದೂ ಕೈಯಲ್ಲಿ ಉಳಿಯುತ್ತದೆ. ಇನ್ನೊಂದು ಲೆಕ್ಕಾಚಾರ: ಹೃದಯದ ಡಿ.ಎಂ. ಮಾಡಿಕೊಂಡರೆ ಹೃದಯ ಶಸ್ತ್ರಚಿಕಿತ್ಸೆ ಇರುವ ಊರಲ್ಲೇ ಬದುಕಬೇಕು. ಚಿತ್ರದುರ್ಗಕ್ಕೆ ವಾಪಸ್ ಬಂದು ನೆಲೆಸುವ ಆಸೆಯಿದ್ದರೆ ಅವಳಿಗೆ ತೀವ್ರ ನಿಗಾ ಅಥವಾ ನೋವಿನ ಚಿಕಿತ್ಸೆ ಹೆಚ್ಚು ಹೊಂದುತ್ತದೆ. ಹಣದ ದೃಷ್ಟಿಯಿಂದ ಕೇಳಿದ್ದಾದರೆ, ಚೆನ್ನಾಗಿ ದುಡಿಯುವ ಸ್ವತಂತ್ರ ಅರಿವಳಿಕೆ ತಜ್ಞರು ಡಿ.ಎಂ. ಮಾಡಿದವರಿಗಿಂತ ಕಡಿಮೆಯೇನೂ ಗಳಿಸುವುದಿಲ್ಲ. ಅದಕ್ಕಾಗಿ ಡಿ.ಎಂ. ಬೇಡ.

ತಾಯಿಯವರನ್ನು ದಾವಣಗೆರೆಗೆ ಕರೆದುಕೊಂಡು ಹೋದಾಗ ಆಪರೇಷನ್ನಿಗೆ ಕನಿಷ್ಠ ಹತ್ತು ದಿನ ಮೊದಲೇ ಅರಿವಳಿಕೆ ತಪಾಸಣೆ ಆಗಲಿ. ಹಿಂದಿನ ರಾತ್ರಿ ವಾರ್ಡಿನಲ್ಲಿ ಆಗುವ ತಪಾಸಣೆ ಇವರಿಗೆ ಸಾಲದು, ಕಾರಣ ರಕ್ತ ತೆಳುವಾಗಿಸುವ ಮಾತ್ರೆ. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಸ್ಪೈನಲ್‌ಗೆ ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಳ್ಳುವ ಭಯ. ಆಸ್ಪಿರಿನ್ ಅನ್ನು ಸ್ಟೆಂಟ್ ಇರುವವರಿಗೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಪಕ್ಕದ ಮನೆಯವರು ಹೇಳಿದರೆಂದು ಎರಡನ್ನೂ ನೀವೇ ನಿಲ್ಲಿಸಬೇಡಿ, ಹೃದ್ರೋಗ ತಜ್ಞರೂ ಅರಿವಳಿಕೆ ತಜ್ಞರೂ ಮಾತಾಡಿಕೊಂಡು ಬರೆದುಕೊಟ್ಟ ಚೀಟಿಯಂತೆ ಮಾಡಿ. ಅಲ್ಲಿ ಕೂತಾಗ ಸಂಕೋಚವಿಲ್ಲದೆ ಕೇಳಿ: ಅಂದು ಅರಿವಳಿಕೆ ಕೊಡುವವರು ನೀವೇನಾ, ಕೊನೆಯವರೆಗೂ ಥಿಯೇಟರಿನಲ್ಲೇ ಇರುತ್ತೀರಾ ಅಥವಾ ಮಧ್ಯದಲ್ಲಿ ಇನ್ನೊಂದು ಕೇಸಿಗೆ ಹೋಗಬೇಕಾದೀತಾ, ತಿಂಗಳಿಗೆ ಇಂಥ ಮಂಡಿ ಕೇಸ್ ಎಷ್ಟು ಮಾಡುತ್ತೀರಿ, ಅಂದು ರಾತ್ರಿ ಎದೆನೋವು ಬಂದರೆ ಐಸಿಯುನಲ್ಲಿ ಯಾರಿರುತ್ತಾರೆ, ಸ್ಟೆಂಟ್ ಹಾಕುವ ಕ್ಯಾತ್ ಲ್ಯಾಬ್ ಎಷ್ಟು ದೂರ. ಒಳ್ಳೆಯ ತಜ್ಞರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಉತ್ತರಗಳು ಸಮಾಧಾನ ಕೊಟ್ಟರೆ ದಾವಣಗೆರೆಯಲ್ಲೇ ಮಾಡಿಸಿ, ಭಾವನವರಿಗೆ ಈ ಪತ್ರ ತೋರಿಸಿ. ಹೋಗುವಾಗ ಆಂಜಿಯೋಪ್ಲಾಸ್ಟಿ ಆದಾಗಿನ ಡಿಸ್ಚಾರ್ಜ್ ಸಾರಾಂಶ, ಸ್ಟೆಂಟ್ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು ಚೀಲದಲ್ಲಿರಲಿ. ನಾಟಿ ಔಷಧಿ, ಮಂಡಿಗೆಂದು ಅಂಗಡಿಯಿಂದ ತಂದ ನೋವಿನ ಗುಳಿಗೆ ಏನಾದರೂ ಇದ್ದರೆ ಅವೂ ಜೊತೆಗಿರಲಿ. ಹೇಳಿದರೆ ಡಾಕ್ಟರು ಬೈಯುತ್ತಾರೆಂದು ಮುಚ್ಚಿಡುವವರು ಬಹಳ.